ಕಸುವು, ಚರ್ಮ, ಉಸಿರು – ಮೂರನ್ನೂ ಒಟ್ಟಿಗೆ ನೋಡಿ

"ಯಾಕ್ವಾ, ಗ್ವಾಡಿ ಹಿಡಕೊಂಡ ಏಳಾಕತ್ತಿ?"

"ಏನಿಲ್ರಿ ಅತ್ತಿ, ತೊಡ್ಯಾಗ ಕಸುವ ಇಲ್ಲದಂಗ ಆಗೈತ್ರಿ."

"ಬ್ಯಾಸಗಿ ಬಿಸಲ, ಹಂಗ ಆಕ್ಕೈತಿ. ಒಂದ ಗ್ಲೂಕೋಸ್ ಬಾಟ್ಲಿ ಏರಿಸ್ಕೊಂಡ ಬಾ, ಎಲ್ಲಾ ಸರಿ ಹೊಕ್ಕೈತಿ."

ಲಕ್ಷ್ಮೇಶ್ವರವಿರಲಿ, ಶಿರಹಟ್ಟಿ-ಮುಂಡರಗಿಗಳಿರಲಿ, ಇಂಥ ಮಾತು ಒಂದಲ್ಲ ಒಂದು ದಿನ ಕೇಳಿಬರದ ಮನೆ ಇರಲಾರದು. ಬಹಳ ಸಲ ಅತ್ತೆಯ ಮಾತೇ ನಿಜ. ದಣಿವು, ರಕ್ತಹೀನತೆ, ಸರಿಯಾಗಿ ಉಣ್ಣದಿರುವುದು ನಮ್ಮ ಹೆಣ್ಣುಮಕ್ಕಳ ನಿತ್ಯದ ಸಂಕಟಗಳು. ಆದರೆ ಈ ಸೊಸೆಯ ಕಥೆ ಮುಂದುವರಿಯುತ್ತದೆ ಎಂದು ಕಲ್ಪಿಸಿಕೊಳ್ಳೋಣ. ಕಣ್ಣರೆಪ್ಪೆಯ ಮೇಲೆ ನೇರಳೆ ಛಾಯೆ ಮೂಡುತ್ತದೆ. ಅದನ್ನು ತೋರಿಸಲು ಗದಗಿಗೆ ಹೋದರೆ "ಅಲರ್ಜಿ" ಎಂದು ಮುಲಾಮು ಸಿಗುತ್ತದೆ. ರಕ್ತ ಪರೀಕ್ಷೆಯಲ್ಲಿ ಎಸ್‌ಜಿಒಟಿ, ಎಸ್‌ಜಿಪಿಟಿ ಹೆಚ್ಚಾಗಿವೆ ಎಂದು ಯಾರೋ "ಕಾಮಣಿ" ಎನ್ನುತ್ತಾರೆ, ಪಥ್ಯ ಆರಂಭವಾಗುತ್ತದೆ. ತಿಂಗಳು ಕಳೆಯುವುದರೊಳಗೆ ಒಣ ಕೆಮ್ಮು ಶುರುವಾದರೆ ಇನ್ನೊಬ್ಬರು "ಕ್ಷಯ ಇರಬಹುದು" ಎನ್ನುತ್ತಾರೆ. ನಾಲ್ಕು ಕಡೆ ನಾಲ್ಕು ಹೆಸರು, ನಾಲ್ಕು ಚೀಟಿ, ನಾಲ್ಕು ಔಷಧ. ರೋಗ ಮಾತ್ರ ಒಂದೇ ಆಗಿರಬಹುದು ಎಂಬ ಯೋಚನೆ ಯಾರಿಗೂ ಬರುವುದಿಲ್ಲ.

ಆ ಒಂದೇ ರೋಗದ ಹೆಸರು ಡರ್ಮಟೊಮಯೋಸೈಟಿಸ್. ಕನ್ನಡದಲ್ಲಿ ಚರ್ಮ-ಸ್ನಾಯು ಉರಿಯೂತ ಎನ್ನಬಹುದು. ಇದು ಅಪರೂಪದ ಕಾಯಿಲೆ, ನಿಜ. ಆದರೆ ಇದು ಪ್ರಾಣಕ್ಕೆ ಎರವಾಗಲು ರೋಗದ ಉಗ್ರತೆಯಷ್ಟೇ ನಾವು ಕಳೆಯುವ ವಾರಗಳೂ ಕಾರಣ ಎಂಬುದು ಈ ಲೇಖನದ ಅಭಿಪ್ರಾಯ. ಆ ವಾರಗಳನ್ನು ಉಳಿಸುವುದು ನಮ್ಮ ಕೈಯಲ್ಲಿದೆ.

ಕಾವಲುಗಾರನೇ ಮನೆಗೆ ಕನ್ನ ಹಾಕಿದಾಗ

ಹೊರಗಿನಿಂದ ಬರುವ ರೋಗಾಣುಗಳನ್ನು ಹೊಡೆದಟ್ಟಲು ನಮ್ಮ ದೇಹದಲ್ಲಿ ರೋಗನಿರೋಧಕ ವ್ಯವಸ್ಥೆ ಇದೆ. ಕೆಲವೊಮ್ಮೆ ಅದು ದಿಕ್ಕುತಪ್ಪಿ ದೇಹದ ಸ್ವಂತ ಅಂಗಗಳ ಮೇಲೆಯೇ ದಾಳಿ ಮಾಡುತ್ತದೆ. ಇಂಥವನ್ನು ಆಟೋಇಮ್ಯೂನ್ ಕಾಯಿಲೆಗಳು ಎನ್ನುತ್ತಾರೆ. ಡರ್ಮಟೊಮಯೋಸೈಟಿಸ್‌ನಲ್ಲಿ ಈ ದಾಳಿ ಮುಖ್ಯವಾಗಿ ಸ್ನಾಯು, ಚರ್ಮ ಮತ್ತು ಶ್ವಾಸಕೋಶಗಳ ಮೇಲೆ ನಡೆಯುತ್ತದೆ.

ಈ ಕಾಯಿಲೆ ಹೊಸದಲ್ಲ. ಜರ್ಮನಿಯ ವೈದ್ಯರು 19ನೆಯ ಶತಮಾನದಲ್ಲೇ ಇದನ್ನು ಗುರುತಿಸಿದ್ದರು. ವಾಗ್ನರ್ 1863ರಲ್ಲಿ ಸ್ನಾಯುಗಳ ಉರಿಯೂತವನ್ನು ವರ್ಣಿಸಿದರೆ, ಉನ್ವೆರಿಕ್ಟ್ 1891ರಲ್ಲಿ ಡರ್ಮಟೊಮಯೋಸೈಟಿಸ್ ಎಂಬ ಹೆಸರನ್ನು ಬಳಕೆಗೆ ತಂದರು. ಈಚಿನ ದಶಕಗಳಲ್ಲಿ ರಕ್ತದಲ್ಲಿನ ವಿಶೇಷ ಪ್ರತಿಕಾಯಗಳನ್ನು ಗುರುತಿಸುವ ಪರೀಕ್ಷೆಗಳು ಬಂದವು. 1980ರಲ್ಲಿ ಪತ್ತೆಯಾದ ಜೋ-1 ಅವುಗಳಲ್ಲಿ ಒಂದು. 2005ರಲ್ಲಿ ಜಪಾನಿನ ವಿಜ್ಞಾನಿಗಳು ಇನ್ನೊಂದನ್ನು ಕಂಡರು. ಅದನ್ನು ಈಗ ಎಂಡಿಎ-5 ಪ್ರತಿಕಾಯ ಎಂದು ಕರೆಯುತ್ತಾರೆ. ಎಂಡಿಎ-5 ಎಂಬುದು ಜೀವಕೋಶದೊಳಗೆ ನುಗ್ಗಿದ ವೈರಸ್ಸಿನ ಸುಳಿವು ಹಿಡಿಯುವ ಒಂದು ಪ್ರೋಟೀನು. ಈ ಪ್ರತಿಕಾಯವಿರುವ ರೋಗಿಗಳಲ್ಲಿ ಸ್ನಾಯುಗಳ ಸೋಲು ಕಡಿಮೆ ಇರಬಹುದು, ಕೆಲವರಲ್ಲಿ ಇಲ್ಲದೆಯೂ ಇರಬಹುದು. ಆದರೆ ಶ್ವಾಸಕೋಶ ಕೆಲವೇ ವಾರಗಳಲ್ಲಿ ಕೆಡುವ ಭಯ ಇವರಲ್ಲಿ ಬಹಳ.

ವಿದೇಶಗಳ ಲೆಕ್ಕದಂತೆ ವರ್ಷಕ್ಕೆ ಲಕ್ಷ ಜನರಲ್ಲಿ ಹೆಚ್ಚುಕಡಿಮೆ ಒಬ್ಬರಿಗೆ ಈ ರೋಗ ಹೊಸದಾಗಿ ಬರುತ್ತದೆ. 2011ರ ಜನಗಣತಿಯಲ್ಲಿ ಗದಗ ಜಿಲ್ಲೆಯ ಜನಸಂಖ್ಯೆ ಹತ್ತು ಲಕ್ಷ ಅರವತ್ತು ಸಾವಿರ ದಾಟಿತ್ತು. ಅದೇ ಅಳತೆ ಇಲ್ಲಿಗೂ ಹೊಂದಿದರೆ ವರ್ಷಕ್ಕೆ ಸುಮಾರು ಹತ್ತು ಮಂದಿ. ಅರ್ಧ ಎಂದರೂ ಐದು ಮನೆಗಳು. ಆ ಐದು ಮನೆಗಳಿಗೆ ಇದು ಅಪರೂಪದ ಕಾಯಿಲೆಯಲ್ಲ, ಇದ್ದೊಂದೇ ಕಾಯಿಲೆ.

ಸುಹಾನಿ ಕಲಿಸಿದ ಪಾಠ

2016ರಲ್ಲಿ ತೆರೆಕಂಡ 'ದಂಗಲ್' ಹಿಂದಿ ಚಿತ್ರವನ್ನು ನಮ್ಮಲ್ಲೂ ಬಹಳ ಕುಟುಂಬಗಳು ನೋಡಿವೆ. ಅದರಲ್ಲಿ ಪುಟ್ಟ ಬಬಿತಾಳ ಪಾತ್ರ ಮಾಡಿದ ಹುಡುಗಿ ಸುಹಾನಿ ಭಟ್ನಾಗರ್ 2024ರ ಫೆಬ್ರುವರಿ 16ರಂದು ದೆಹಲಿಯ ಏಮ್ಸ್ ಆಸ್ಪತ್ರೆಯಲ್ಲಿ ತೀರಿಕೊಂಡಳು. ಆಗ ಅವಳಿಗೆ ಬರೇ 19 ವರ್ಷ. ಕಾಯಿಲೆ ಡರ್ಮಟೊಮಯೋಸೈಟಿಸ್. ಅವಳ ತಂದೆತಾಯಿ ಪತ್ರಿಕೆಗಳಿಗೆ ಹೇಳಿದಂತೆ, ಸುಮಾರು ಎರಡು ತಿಂಗಳು ಮೊದಲು ಕೈಯ ಮೇಲೆ ಕೆಂಪು ಕಲೆ ಕಾಣಿಸಿಕೊಂಡಿತ್ತು. ಮೊದಲು ಅದನ್ನು ಅಲರ್ಜಿ ಎಂದೇ ಭಾವಿಸಿದ್ದರು. ಹಲವು ವೈದ್ಯರಿಗೆ ತೋರಿಸಿದರೂ ರೋಗ ಇಂಥದ್ದೇ ಎಂದು ಗೊತ್ತಾಗಲಿಲ್ಲ. ಕೊನೆಗೆ ಏಮ್ಸ್‌ನಲ್ಲಿ ರೋಗದ ಹೆಸರು ತಿಳಿಯುವ ಹೊತ್ತಿಗೆ ಶ್ವಾಸಕೋಶಕ್ಕೂ ತೊಂದರೆ ಹಬ್ಬಿತ್ತು.

ದೆಹಲಿಯ ಮಗ್ಗುಲಲ್ಲೇ ಇರುವ ಫರೀದಾಬಾದಿನ ಮನೆಯೊಂದರಲ್ಲಿ ಹೀಗಾದರೆ, ಮುಂಡರಗಿಯ ಹಳ್ಳಿಯೊಂದರಿಂದ ಬಸ್ಸು ಹಿಡಿದು ಬರುವ ರೋಗಿಯ ಪಾಡೇನು? ಈ ಪ್ರಶ್ನೆಯನ್ನು ನಾವು ಕೇಳಿಕೊಳ್ಳಲೇಬೇಕು. ಯಾರನ್ನೋ ದೂರುವುದಕ್ಕಲ್ಲ, ನಾವು ಎಚ್ಚತ್ತುಕೊಳ್ಳುವುದಕ್ಕೆ.

ಲಕ್ಷಣಗಳನ್ನು ಗುರುತಿಸುವುದು ಹೇಗೆ?

ಮೊದಲು ಕಸುವಿನ ಮಾತು. ಈ ರೋಗದಲ್ಲಿ ಸೋಲುವುದು ಸೊಂಟ, ತೊಡೆ, ಭುಜ ಮತ್ತು ರಟ್ಟೆಯ ದೊಡ್ಡ ಸ್ನಾಯುಗಳು. ನೆಲದಿಂದ ಏಳಲು ಗೋಡೆ ಬೇಕು. ಬಸ್ಸಿನ ಮೆಟ್ಟಿಲು ಹತ್ತಲು ಯಾರಾದರೂ ಕೈ ಕೊಡಬೇಕು. ತುಂಬಿದ ಕೊಡ ಎತ್ತಿ ತಲೆಯ ಮೇಲಿಡಲಾಗದು, ಕೈಯೆತ್ತಿ ತಲೆ ಬಾಚಲಾಗದು. ಆದರೆ ಬೆರಳುಗಳ ಹಿಡಿತ ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತದೆ. ಸೂಜಿಗೆ ದಾರ ಪೋಣಿಸಬಲ್ಲವರು ಮೇಲಿನ ಗೂಡಿನಿಂದ ಡಬ್ಬಿ ಇಳಿಸಲಾರರು. ನೋವಿಗಿಂತ ಸೋಲೇ ಹೆಚ್ಚು. ಸಾಮಾನ್ಯ ದಣಿವು ಒಂದು ರಾತ್ರಿ ಮಲಗಿ ಎದ್ದರೆ ಇಳಿಯುತ್ತದೆ. ಇದು ವಾರದಿಂದ ವಾರಕ್ಕೆ ಏರುತ್ತದೆ.

ಎರಡನೆಯದು ಚರ್ಮ. ಕಣ್ಣರೆಪ್ಪೆಗಳ ಮೇಲೆ ನೇರಳೆ ಬಣ್ಣದ ಛಾಯೆ ಮತ್ತು ಊತ, ಬೆರಳ ಗೆಣ್ಣುಗಳ ಮೇಲೆ ಉಬ್ಬಿದ ಕಲೆಗಳು, ಕತ್ತಿನ ಕೆಳಗೆ ಎದೆಯ ಮೇಲ್ಭಾಗದಲ್ಲಿ ಮತ್ತು ಬೆನ್ನ ಮೇಲೆ ಶಾಲು ಹೊದೆದಂತೆ ಬಣ್ಣ ಬದಲಾಗುವುದು, ಉಗುರಿನ ಬುಡ ಕೆಂಪಗಾಗುವುದು, ತಲೆಯಲ್ಲಿ ಸಹಿಸಲಾಗದ ನವೆ – ಇವು ಮುಖ್ಯ ಗುರುತುಗಳು. ಬಿಸಿಲಿಗೆ ಹೋದರೆ ಇವು ಹೆಚ್ಚುತ್ತವೆ.

ಇಲ್ಲೊಂದು ಮಾತನ್ನು ವಿಶೇಷವಾಗಿ ಹೇಳಬೇಕು. ವೈದ್ಯಕೀಯ ಪುಸ್ತಕಗಳ ಚಿತ್ರಗಳಲ್ಲಿ ಹೆಚ್ಚಾಗಿ ಬಿಳಿಯರ ಚರ್ಮ ಇರುತ್ತದೆ. ಅಲ್ಲಿ ಎದ್ದು ಕಾಣುವ ಕೆಂಪು ನಮ್ಮ ಕಂದು ಮೈಬಣ್ಣದಲ್ಲಿ ಕಾಣದೆ ಹೋಗಬಹುದು. ನಮ್ಮವರಲ್ಲಿ ಅದು ಕಪ್ಪಾಗಿಯೋ ಬೂದುಗಪ್ಪಾಗಿಯೋ ನೇರಳೆಯಾಗಿಯೋ ತೋರುತ್ತದೆ. "ಬಂಗು ಬಂದೈತಿ" ಎಂದೋ "ಹೊಲದಾಗ ಬಿಸಲಿಗೆ ಕರ್ರಗಾಗ್ಯಾಳ" ಎಂದೋ ಮನೆಯವರು ಸುಮ್ಮನಾಗುತ್ತಾರೆ. ಹಾಗೆಯೇ ಕೆಲವರಲ್ಲಿ ಹೆಬ್ಬೆರಳು, ತೋರುಬೆರಳುಗಳ ಅಂಚು ಒಣಗಿ ಒರಟಾಗಿ ಸೀಳು ಬಿಡುತ್ತದೆ. ಪಾಶ್ಚಾತ್ಯರು ಇದಕ್ಕೆ "ಮೆಕ್ಯಾನಿಕ್ಕಿನ ಕೈ" ಎಂದು ಹೆಸರಿಟ್ಟಿದ್ದಾರೆ. ಬೆಟಗೇರಿಯ ನೇಕಾರರ ಕೈಯಲ್ಲೋ ಮೆಣಸಿನಕಾಯಿ ಬಿಡಿಸುವ ಕೂಲಿಯವರ ಕೈಯಲ್ಲೋ ಇಂಥ ಸೀಳು ಕಂಡರೆ ದುಡಿಮೆಯ ಗುರುತು ಎಂದೇ ಎಲ್ಲರೂ ತಿಳಿಯುವುದು ಸಹಜ. ಕೈ ಸೀಳಿದ್ದಕ್ಕೆಲ್ಲ ಹೆದರಬೇಕಿಲ್ಲ. ಆದರೆ ಅದರ ಜೊತೆಗೆ ಕೆಮ್ಮು, ಜ್ವರ, ಕೀಲುನೋವು ಇವೆಯೇ ಎಂದು ಕೇಳಬೇಕು.

ಮೂರನೆಯದು ಉಸಿರು. ಶ್ವಾಸಕೋಶದ ಜಾಲರಿಯಲ್ಲಿ ಉರಿಯೂತವಾದರೆ ಅದು ಗಡುಸಾಗುತ್ತ ಹೋಗುತ್ತದೆ. ಮೊದಲು ಒಣ ಕೆಮ್ಮು, ನಂತರ ನಡೆದರೆ ಏದುಸಿರು, ಆಮೇಲೆ ಕುಳಿತಲ್ಲೇ ಉಸಿರುಗಟ್ಟುವುದು. ನಮ್ಮ ನಾಡಿನಲ್ಲಿ ಕ್ಷಯವೇ ಹೆಚ್ಚಾದ್ದರಿಂದ ಕಫ ಪರೀಕ್ಷೆ ಮೊದಲು ಆಗಲೇಬೇಕು. ಅದರಲ್ಲಿ ತಪ್ಪಿಲ್ಲ. ಆದರೆ ಕಫದಲ್ಲಿ ಏನೂ ಸಿಗದೆ, ಔಷಧದಿಂದ ಗುಣವೂ ಕಾಣದೆ, ಮೈಮೇಲೆ ಕಲೆಗಳೂ ಇದ್ದರೆ "ಬೇರೇನಾದರೂ ಇರಬಹುದೇ?" ಎಂಬ ಪ್ರಶ್ನೆ ಬರಬೇಕು. ಕೋವಿಡ್ ಕಾಲದಲ್ಲಿ ಬಹಳ ಮನೆಗಳು ಬೆರಳಿಗೆ ಸಿಕ್ಕಿಸುವ ಆಮ್ಲಜನಕ ಮಾಪಕ ಕೊಂಡವು. ಕುಳಿತಾಗ ಸರಿಯಿದ್ದ ಅಂಕಿ ನಾಲ್ಕು ಹೆಜ್ಜೆ ನಡೆದ ಮೇಲೆ ಇಳಿಯುತ್ತಿದ್ದರೆ ಆ ಸಂಗತಿಯನ್ನು ವೈದ್ಯರಿಗೆ ತಪ್ಪದೆ ತಿಳಿಸಿ.

ಇವುಗಳ ಜೊತೆಗೆ ನುಂಗಲು ಕಷ್ಟವಾಗುವುದು, ಕುಡಿದ ನೀರು ಮೂಗಿಗೆ ಬರುವುದು, ದನಿ ಮೂಗಿನಿಂದ ಬಂದಂತೆ ಕೇಳುವುದು – ಇವು ಗಂಟಲಿನ ಸ್ನಾಯು ಸೋತ ಸೂಚನೆಗಳು. ಹೀಗಾದರೆ ನಾಳೆ ನೋಡೋಣ ಎನ್ನುವಂತಿಲ್ಲ, ಅಂದೇ ಆಸ್ಪತ್ರೆ ಸೇರಬೇಕು.

ತಪ್ಪುವುದು ಎಲ್ಲಿ?

ರಕ್ತದಲ್ಲಿ ಸಿಪಿಕೆ ಎಂಬ ಅಂಶ ಎಷ್ಟಿದೆ ಎಂದು ನೋಡಿದರೆ ಸ್ನಾಯುಗಳಿಗೆ ಪೆಟ್ಟಾಗಿದೆಯೇ ಎಂಬ ಸುಳಿವು ಸಿಗುತ್ತದೆ. ಎಸ್‌ಜಿಒಟಿ, ಎಸ್‌ಜಿಪಿಟಿಗಳು ಯಕೃತ್ತಿನಲ್ಲಿ ಮಾತ್ರವಲ್ಲ, ಸ್ನಾಯುಗಳಲ್ಲಿಯೂ ಇರುತ್ತವೆ. ಕಣ್ಣು ಹಳದಿಯಾಗಿಲ್ಲ, ಕಸುವು ಮಾತ್ರ ಇಲ್ಲ ಎಂಬ ರೋಗಿಯಲ್ಲಿ ಇವು ಹೆಚ್ಚಾಗಿದ್ದರೆ ಕಾಮಣಿಯ ಪಥ್ಯಕ್ಕೆ ಮೊದಲು ಸಿಪಿಕೆ ನೋಡುವುದು ಜಾಣತನ. ಆದರೆ ಸಿಪಿಕೆ ಒಂದೇ ತೀರ್ಪಲ್ಲ. ಥೈರಾಯ್ಡ್ ಕೊರತೆಯಲ್ಲೂ ಕೊಲೆಸ್ಟರಾಲ್ ಇಳಿಸುವ ಕೆಲವು ಮಾತ್ರೆಗಳಿಂದಲೂ ಅದು ಏರಬಹುದು. ಎಂಡಿಎ-5 ಬಗೆಯ ರೋಗದಲ್ಲಿ ಅದು ಸರಿಯಾಗಿಯೇ ಇದ್ದು ನಮ್ಮನ್ನು ಮೋಸಗೊಳಿಸಬಹುದು. ಆದ್ದರಿಂದಲೇ ಕಾಗದದ ಅಂಕಿಗಿಂತ ರೋಗಿಯನ್ನು ತಲೆಯಿಂದ ಕಾಲಿನವರೆಗೆ ನೋಡುವ ಕಣ್ಣು ಮುಖ್ಯ.

ವೈದ್ಯರನ್ನು ದೂರಲು ಹೊರಟ ಲೇಖನ ಇದಲ್ಲ. ತಾಲ್ಲೂಕು ಆಸ್ಪತ್ರೆಯ ಹೊರರೋಗಿಗಳ ಸಾಲು ನೋಡಿದವರಿಗೆ ಅಲ್ಲಿನ ವೈದ್ಯರ ಕಷ್ಟ ಗೊತ್ತು. ಚರ್ಮದವರು ಚರ್ಮವನ್ನೂ ಎದೆಯವರು ಎದೆಯನ್ನೂ ಮೂಳೆಯವರು ಮೂಳೆಯನ್ನೂ ನೋಡುವ ಈ ಕಾಲದಲ್ಲಿ ಇಡೀ ಮನುಷ್ಯನನ್ನು ನೋಡುವವರು ಯಾರು ಎಂಬುದೇ ಪ್ರಶ್ನೆ.

ತಪ್ಪಿನ ಇನ್ನೊಂದು ಪಾಲು ನಮ್ಮದು. ಸುಸ್ತಾದರೆ ಬಾಟಲಿ ಏರಿಸಿಕೊಳ್ಳುವುದು, "ಶಕ್ತಿ ಇಂಜೆಕ್ಷನ್" ಕೇಳಿ ಹಾಕಿಸಿಕೊಳ್ಳುವುದು ಚಟವೇ ಆಗಿದೆ. ಅದಕ್ಕಿಂತ ಅಪಾಯಕಾರಿ ಸಂಗತಿ ಹೆಸರಿಲ್ಲದ ಪುಡಿ ಮತ್ತು ಗುಳಿಗೆಗಳದ್ದು. ಕಪ್ಪತಗುಡ್ಡದ ಗಿಡಮೂಲಿಕೆಗಳಿಗೆ ಹೆಸರಿದೆ, ಅವನ್ನು ಬಲ್ಲ ಹಿರಿಯರ ಬಗ್ಗೆ ಗೌರವವೂ ಇದೆ. ಆದರೆ ಪೊಟ್ಟಣದ ಮೇಲೆ ಏನೂ ಬರೆದಿರದ, ನುಂಗಿದ ಎರಡೇ ದಿನಕ್ಕೆ "ಪವಾಡದಂತೆ" ಗುಣ ತೋರುವ ಗುಳಿಗೆಯಲ್ಲಿ ಸ್ಟೀರಾಯ್ಡ್ ಬೆರೆತಿರಬಹುದು. ಅದು ರೋಗವನ್ನು ವಾಸಿಮಾಡದೆ ಕೆಲಕಾಲ ಮುಚ್ಚಿಡುತ್ತದೆ. ಒಳಗೆ ಬೆಂಕಿ ಉರಿಯುತ್ತಲೇ ಇರುತ್ತದೆ.

ಮೂರನೆಯ ಪಾಲು ಸರ್ಕಾರದ್ದು. 1997ರಲ್ಲಿ ಧಾರವಾಡದಿಂದ ಬೇರೆಯಾಗಿ ಜಿಲ್ಲೆಯಾದ ಗದಗಿನಲ್ಲಿ 2015ರಿಂದ ಸರ್ಕಾರಿ ವೈದ್ಯಕೀಯ ಕಾಲೇಜಿದೆ. ಚರ್ಮ, ಎದೆ ಮತ್ತು ಸಾಮಾನ್ಯ ವೈದ್ಯಕೀಯ ವಿಭಾಗಗಳ ವೈದ್ಯರು ಒಂದೇ ಕೋಣೆಯಲ್ಲಿ ಕುಳಿತು, ತಿಂಗಳಿಗೆ ಒಂದು ದಿನವಾದರೂ ಇಂಥ ಗೊಂದಲದ ರೋಗಿಗಳನ್ನು ಒಟ್ಟಿಗೆ ನೋಡುವ ಏರ್ಪಾಡಾಗಬೇಕು. ಶಿರಹಟ್ಟಿ, ಮುಂಡರಗಿ, ಲಕ್ಷ್ಮೇಶ್ವರಗಳ ಸರ್ಕಾರಿ ಆಸ್ಪತ್ರೆಗಳಲ್ಲಿ ರಕ್ತ ತೆಗೆದು ಸಿಪಿಕೆ ಪರೀಕ್ಷೆಗೆ ಗದಗಿಗೆ ಕಳಿಸಿದರೆ ರೋಗಿಯ ಒಂದು ದಿನದ ಕೂಲಿ ಉಳಿಯುತ್ತದೆ. ಆಟೋಇಮ್ಯೂನ್ ಕಾಯಿಲೆಗಳ ತಜ್ಞರಾದ ರುಮಟಾಲಜಿಸ್ಟರು ದೊಡ್ಡ ನಗರಗಳಲ್ಲೇ ಹೆಚ್ಚು. ಫೋನಿನ ಪರದೆಯ ಮೇಲೆ ವೈದ್ಯರು ಸಿಗುವ ಈ ದಿನಗಳಲ್ಲಿ ಅವರ ಸಲಹೆಯನ್ನು ತಾಲ್ಲೂಕಿಗೆ ತರುವುದು ಅಸಾಧ್ಯವೇನಲ್ಲ.

"ಐದಾರು ರೋಗಿಗಳಿಗಾಗಿ ಇಷ್ಟೆಲ್ಲ ಬೇಕೇ? ರಕ್ತಹೀನತೆ, ಕ್ಷಯ, ಸಕ್ಕರೆ ಕಾಯಿಲೆಗಳೇ ಬೆಟ್ಟದಷ್ಟಿವೆ" ಎಂದು ಕೆಲವರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಆದರೆ ಇಲ್ಲಿ ಕೇಳುತ್ತಿರುವುದು ಹೊಸ ಕಟ್ಟಡವನ್ನಲ್ಲ. ರೋಗಿಯನ್ನು ಕುಳಿತಲ್ಲಿಂದ ಕೈ ಊರದೆ ಏಳಲು ಹೇಳುವುದಕ್ಕೆ ದುಡ್ಡು ಬೇಡ. ಬೆರಳ ಗೆಣ್ಣು ನೋಡುವುದಕ್ಕೂ ಬೇಡ. ಇದೇ ಎಚ್ಚರದಿಂದ ಲೂಪಸ್, ಥೈರಾಯ್ಡ್ ಕೊರತೆ, ಡಿ ಜೀವಸತ್ವದ ಕೊರತೆಯಿಂದಾದ ಮೂಳೆ ಮೆತ್ತಗಾಗುವಿಕೆ ಮುಂತಾದವೂ ಬೇಗ ಪತ್ತೆಯಾಗುತ್ತವೆ. ಅಪರೂಪದ ರೋಗವನ್ನು ಹಿಡಿಯುವ ಆಸ್ಪತ್ರೆ ಸಾಮಾನ್ಯ ರೋಗವನ್ನೂ ಚೆನ್ನಾಗಿಯೇ ಹಿಡಿಯುತ್ತದೆ.

ಚಿಕಿತ್ಸೆ ಇದೆ, ತಾಳ್ಮೆ ಬೇಕು

ರೋಗ ಖಚಿತಪಡಿಸಲು ಪ್ರತಿಕಾಯಗಳ ಪರೀಕ್ಷೆ, ಶ್ವಾಸಕೋಶದ ಸಿಟಿ ಸ್ಕ್ಯಾನ್, ಅಗತ್ಯವಿದ್ದರೆ ಸ್ನಾಯುವಿನ ಚೂರು ತೆಗೆದು ನೋಡುವುದು – ಇವೆಲ್ಲ ಇವೆ. ನಡುವಯಸ್ಸು ದಾಟಿದವರಲ್ಲಿ ಈ ರೋಗದ ಹಿಂದೆ ಕೆಲವೊಮ್ಮೆ ಕ್ಯಾನ್ಸರ್ ಅಡಗಿರುವುದರಿಂದ ಅದರ ತಪಾಸಣೆಯೂ ಆಗಬೇಕು. ಮಕ್ಕಳಿಗೂ ಈ ರೋಗ ಬರುತ್ತದೆ. ಅವರಲ್ಲಿ ಸಾಮಾನ್ಯವಾಗಿ ಕ್ಯಾನ್ಸರಿನ ನಂಟು ಇರುವುದಿಲ್ಲ.

ಚಿಕಿತ್ಸೆ ಆರಂಭವಾಗುವುದು ಸ್ಟೀರಾಯ್ಡ್ ಮಾತ್ರೆಗಳಿಂದ. ಜೊತೆಗೆ ಮೆಥೊಟ್ರೆಕ್ಸೇಟ್, ಅಜಥಯೋಪ್ರಿನ್, ಮೈಕೋಫಿನೊಲೇಟ್‌ನಂಥ ಔಷಧಗಳನ್ನು ಕೊಡುತ್ತಾರೆ. ಶ್ವಾಸಕೋಶ ಬೇಗ ಕೆಡುತ್ತಿದ್ದರೆ ಇನ್ನೂ ಬಿರುಸಾದ ಔಷಧಗಳು ಬೇಕಾಗುತ್ತವೆ. ಇವು ರೋಗನಿರೋಧಕ ಶಕ್ತಿಯನ್ನು ತಗ್ಗಿಸುವುದರಿಂದ ಮೊದಲೇ ಕ್ಷಯ ಮತ್ತು ಹೆಪಟೈಟಿಸ್ ಇಲ್ಲವೆಂದು ಖಾತ್ರಿ ಮಾಡಿಕೊಳ್ಳಬೇಕು.

ಮನೆಯವರು ನೆನಪಿಡಬೇಕಾದ ಮಾತುಗಳು ಇಷ್ಟು. ಈ ರೋಗಕ್ಕೆ ಮೆಥೊಟ್ರೆಕ್ಸೇಟ್ ನುಂಗುವುದು ವಾರಕ್ಕೆ ಒಂದೇ ದಿನ. ದಿನಾ ನುಂಗಿದರೆ ಪ್ರಾಣಾಪಾಯ. ಆ ವಾರವನ್ನು ಕ್ಯಾಲೆಂಡರಿನಲ್ಲಿ ದಪ್ಪಕ್ಷರದಲ್ಲಿ ಬರೆದಿಡಿ. ಮಗು ಬೇಕೆನ್ನುವವರು, ಗರ್ಭಿಣಿಯರು ಈ ಔಷಧದ ವಿಷಯದಲ್ಲಿ ವೈದ್ಯರಿಗೆ ಮೊದಲೇ ತಿಳಿಸಲೇಬೇಕು. ಸ್ಟೀರಾಯ್ಡನ್ನು ವೈದ್ಯರನ್ನು ಕೇಳದೆ ಫಕ್ಕನೆ ನಿಲ್ಲಿಸಬಾರದು. ಸಕ್ಕರೆ, ರಕ್ತದೊತ್ತಡ, ಮೂಳೆಗಳ ಮೇಲೆ ಕಣ್ಣಿಡಬೇಕು. ಜ್ವರ ಬಂದರೆ ತಡಮಾಡಬಾರದು. ಬಿಸಿಲಿಗೆ ಹೊರಟಾಗ ತಲೆ ತುಂಬ ಸೆರಗು, ತುಂಬುತೋಳು, ಕೊಡೆ ಇರಲಿ. ಹಿಂದೆ ಇಂಥ ರೋಗಿಗಳನ್ನು ಹಾಸಿಗೆಯಲ್ಲೇ ಮಲಗಿಸುತ್ತಿದ್ದರು. ಈಗ ತಜ್ಞರು ಹೇಳಿಕೊಟ್ಟಷ್ಟು ವ್ಯಾಯಾಮ ಮಾಡುವುದೇ ಒಳ್ಳೆಯದು ಎಂದು ತಿಳಿದುಬಂದಿದೆ.

ಇದು ಅಂಟುರೋಗವಲ್ಲ. ಕುಷ್ಠವೂ ಅಲ್ಲ, ಯಾವ ದೋಷದ ಫಲವೂ ಅಲ್ಲ. ರೋಗಿಯ ತಟ್ಟೆ-ಲೋಟ ಬೇರೆ ಇಡುವುದು, ಮದುವೆ-ಮುಂಜಿವೆಗಳಿಗೆ ಕರೆಯದಿರುವುದು ರೋಗಕ್ಕಿಂತ ದೊಡ್ಡ ನೋವು ಕೊಡುತ್ತದೆ.

ಭರವಸೆಗೆ ಒಂದು ಉದಾಹರಣೆ ಸಾಕು. ಇಂಗ್ಲೆಂಡಿನ ಹೆಸರಾಂತ ನಟ ಲಾರೆನ್ಸ್ ಒಲಿವಿಯರ್ ಅವರಿಗೆ 1974ರಲ್ಲಿ ಇದೇ ರೋಗ ತಗಲಿತು. ಕಷ್ಟದ ಚಿಕಿತ್ಸೆಯಿಂದ ಚೇತರಿಸಿಕೊಂಡ ಅವರು 1983ರಲ್ಲಿ ದೂರದರ್ಶನಕ್ಕಾಗಿ ಕಿಂಗ್ ಲಿಯರ್ ಪಾತ್ರ ಮಾಡಿದರು. ತೀರಿಕೊಂಡದ್ದು 1989ರಲ್ಲಿ, 82ನೆಯ ವಯಸ್ಸಿನಲ್ಲಿ. ಈಗಿನ ಎಷ್ಟೋ ಔಷಧಗಳು ಅವರ ಕಾಲದಲ್ಲಿ ಇರಲಿಲ್ಲ.

ಆದ್ದರಿಂದ ಓದುಗರಲ್ಲಿ ಒಂದು ವಿನಂತಿ. ನಿಮ್ಮ ಮನೆಯಲ್ಲಿ ಯಾರಿಗಾದರೂ ಎರಡು-ಮೂರು ವಾರಗಳಿಂದ ಕಸುವು ಇಳಿಯುತ್ತಿದ್ದರೆ, ಕಣ್ಣರೆಪ್ಪೆ ಅಥವಾ ಬೆರಳ ಗೆಣ್ಣಿನ ಬಣ್ಣ ಬದಲಾಗಿದ್ದರೆ, ಒಣ ಕೆಮ್ಮು ಬಿಡದಿದ್ದರೆ – ಮೂರರಲ್ಲಿ ಎರಡು ಕೂಡಿ ಬಂದರೂ ಸಾಕು – ಇದುವರೆಗಿನ ಎಲ್ಲ ಚೀಟಿ, ರಿಪೋರ್ಟುಗಳನ್ನು ಒಂದೇ ಚೀಲದಲ್ಲಿ ಹಾಕಿಕೊಂಡು ಒಬ್ಬರೇ ಹಿರಿಯ ವೈದ್ಯರ ಮುಂದೆ ಇಡಿ. ಬಂದ ದಿನದಿಂದ ಇಂದಿನವರೆಗಿನ ತೊಂದರೆಯನ್ನು ಕ್ರಮವಾಗಿ ಹೇಳಿ. "ಡಾಕ್ಟರೇ, ಇವೆಲ್ಲ ಒಂದೇ ರೋಗ ಆಗಿರಬಹುದೇನ್ರಿ?" ಎಂದು ಸಂಕೋಚವಿಲ್ಲದೆ ಕೇಳಿ. ಹಾಗೆ ಕೇಳಿದ್ದಕ್ಕೆ ಒಳ್ಳೆಯ ವೈದ್ಯರು ಬೇಸರಪಡುವುದಿಲ್ಲ. ಗೋಡೆ ಹಿಡಿದು ಏಳುತ್ತಿರುವ ಸೊಸೆಯ ಪರವಾಗಿ ಆ ಪ್ರಶ್ನೆಯನ್ನು ಅತ್ತೆಯೇ ಕೇಳಿದರೆ ಇನ್ನೂ ಒಳ್ಳೆಯದು.